ಓದಿದರಂತೆ

ಅಯಕುಚೊ. ವಿಶ್ವವಿದ್ಯಾಲಯದ ಹಿಂಬದಿ, ಎರಡನೇ ಮಹಡಿ.
ಕಿಟಕಿಗೆ ಗಾಜು ಹೋದ ಕಡೆ ರಟ್ಟು.
ಮೂರು ಕುರ್ಚಿ, ಒಂದು ಹೀಟರು,
ನಾನೂರ ಹನ್ನೊಂದು ಕ್ಯಾಸೆಟ್ಟು.

ಕಿವಿಗೆ ಹೆಡ್‌ಫೋನು, ಕಾಲಡಿಗೆ ಪೆಡಲು.
ಒತ್ತಿದರೆ ಮುದುಕಿ ಮಾತಾಡುತ್ತಾಳೆ,
ಬಿಟ್ಟರೆ ಉಸಿರಿನ ನಡುವೆ ನಿಲ್ಲುತ್ತಾಳೆ.
ಹೊಲಿಗೆಯವಳ ಹಾಗೆ ಇಡೀ ದಿನ
ಒತ್ತುತ್ತೇನೆ, ಬಿಡುತ್ತೇನೆ.

ಪರದೆಯ ಮೇಲೆ ಕೋಷ್ಟಕ:
ದಿನ, ಊರು, ಕೃತ್ಯ, ಅನ್ವಯಿಸುವ ಕಲಮು,
ಕೊನೆಗೆ ಸಾಕ್ಷಿಯ ಬಗೆ. ಕಂಡದ್ದೋ, ಕೇಳಿದ್ದೋ.

ಟೇಪು ಎಂಬತ್ತಾರು. ಉಚ್ಕುಪಂಪದ ಫೌಸ್ತಿನಾ ನ್ಯಾವ್ಪಾರಿ:
"ಸಾತುರ್ನಿನೊ ಯಾರು, ಹೊರಗೆ ಬಾ, ಅಂದರಂತೆ.
ಅಂಗಿ ಹಾಕಿಕೊಂಡು ಬರುತ್ತೇನೆ, ಅಂದನಂತೆ ನನ್ನ ಮಗ.
ಅಂಗಿ ಬೇಕಾಗುವುದಿಲ್ಲ, ಅಂದರಂತೆ."

ಜಿನೀವಾದಿಂದ ಪ್ರೊಫೆಸರ್ ಆಮ್‌ಷ್ಟುಟ್ಸ್ – ಒಳ್ಳೆಯ ಮನುಷ್ಯ –
ಕೆಮ್ಮಿ, ಸಂಕೋಚದಿಂದ ಕೇಳುತ್ತಾರೆ:
ನೆರಿಡಾ, ಆಕೆ ಮನೆಯಲ್ಲಿದ್ದಳೋ ಇಲ್ಲವೋ?
ಇದ್ದಳು, ಸರ್.
ಮತ್ತೆ ಈ ಅಂತೆ ಎಲ್ಲಿಂದ ಬಂತು?
ಅಂತೆಕಂತೆಗಳನ್ನು ಕೋರ್ಟು ತಕ್ಕಡಿಗೆ ಹಾಕುವುದಿಲ್ಲ.
ಸ್ಪ್ಯಾನಿಷಿಗೆ ಇಳಿಸುವಾಗ ಉದುರಿಸಿಬಿಟ್ಟರೆ?

ಕಂತೆ ನನ್ನ ಮೇಜಿನ ಮೇಲಿದೆ. ಅಂತೆ ಟೇಪಿನಲ್ಲಿದೆ.
ಉದುರಿಸಬಹುದು; ಹತ್ತು ವರ್ಷದ ಹಿಂದೆ
ಆಯೋಗದ ಗುಮಾಸ್ತ ಉದುರಿಸಿಯೇ ಇದ್ದಾನೆ.
ಅವನ ಪ್ರತಿಯಲ್ಲಿ ಕರೆದರು, ಎಳೆದರು, ಒಯ್ದರು.
ಪಾಲಿಷ್ ಹೊಡೆದ ಬೂಟಿನಂಥ ಕ್ರಿಯಾಪದಗಳು.

ನಮ್ಮ ಕೆಚುವಾದಲ್ಲಿ ಕಣ್ಣಾರೆ ಕಂಡದ್ದಕ್ಕೆ ಒಂದು ತುದಿ,
ಯಾರೋ ಹೇಳಿದ್ದಕ್ಕೆ ಇನ್ನೊಂದು.
ತುದಿ ಕಟ್ಟದ ಮಾತನ್ನು ಅಜ್ಜಿಯರು ಮನೆಯೊಳಗೆ ಬಿಡುವುದಿಲ್ಲ.
ಕನಸಿಗೂ ಅಂತೆ. ಕುಡಿದು ಬಿದ್ದ ರಾತ್ರಿಗೂ ಅಂತೆ.
ಸಾತುರ್ನಿನೊ ಹೋದ ವರ್ಷವೇ ನಾನು ಹುಟ್ಟಿದೆನಂತೆ.
ಸ್ವಂತ ಹುಟ್ಟಿಗೂ ಪರರ ಸಾಕ್ಷಿ ಹಿಡಿದ ಜನ ನಾವು.

ಗೊಬ್ಬರದ ಟ್ರಕ್ಕು ಹತ್ತಿ ಆರು ತಾಸು ಹೋದೆ.
ಫೌಸ್ತಿನಾ ಆಲೂಗಡ್ಡೆ ಆರಿಸುತ್ತಿದ್ದಳು,
ಬಿತ್ತುವುದೊಂದು ಗುಡ್ಡೆ, ತಿನ್ನುವುದೊಂದು.
"ಇದ್ದೆ, ಮಗಳೇ. ಕುರಿತೊಗಲಿನ ಅಡಿಯಲ್ಲಿ.
ಕೂಸಿನ ಬಾಯಿಗೆ ಈ ಕೈ." ಮಣ್ಣಾದ ಕೈ ತೋರಿಸಿದಳು.
"ಅವರದ್ದು ಸ್ಪ್ಯಾನಿಷು. ಮಗನೂ ಅದರಲ್ಲೇ ಉತ್ತರ ಕೊಟ್ಟ,
ಶಾಲೆಗೆ ಹೋದವನಲ್ಲವೇ.
ಏನಂದರು, ಏನಂದ – ನನಗೇನು ತಿಳಿದೀತು?
ದೋಮಿತಿಲಾ ಆಮೇಲೆ ಬಿಡಿಸಿ ಹೇಳಿದಳು."

ಹಾಗಾದರೆ ನೀವೇ ಕೇಳಿದ್ದು?

ತುಂಬ ಹೊತ್ತು ಆಲೂಗಡ್ಡೆ ಆರಿಸಿದಳು.
"ಎನಾಮಲ್ ಬಟ್ಟಲು ಉರುಳಿತು.
ಒಲೆಯಿಂದ ಹೊಸ್ತಿಲ ತನಕ ಉರುಳಿ
ಅಲ್ಲಿ ಸುತ್ತಿ ಸುತ್ತಿ ನಿಂತಿತು.
ಅದಕ್ಕೆ ಅಂತೆ ಇಲ್ಲ. ಅದನ್ನು ಬರೆದುಕೋ."

ಕೋಷ್ಟಕದಲ್ಲಿ ಬಟ್ಟಲಿಗೆ ಜಾಗವಿರಲಿಲ್ಲ.
ಅಡಿಟಿಪ್ಪಣಿ ಬರೆದೆ, ನೂರ ಹದಿನೇಳನೆಯದು;
ಅಡಿಯಿಂದ ಏರಿ ಏರಿ ಪುಟವನ್ನೇ ನುಂಗಿತು.
ಆಮ್‌ಷ್ಟುಟ್ಸ್ ಅರ್ಧ ಉಳಿಸಿದರು.
ಸಂಪಾದಕರು ಅದರಲ್ಲಿ ಅರ್ಧ.
ಅಚ್ಚಿನಲ್ಲಿ ಉಳಿದದ್ದು ಒಂದೇ ಸಾಲು:
"ಘಟನೆಯ ವೇಳೆ ಸಾಕ್ಷಿ ಸ್ಥಳದಲ್ಲಿ ಹಾಜರಿದ್ದರು."

ಮುಂದಿನ ಅಗೆತದ ಹೊತ್ತಿಗೆ ವರದಿ ಒಯ್ದುಕೊಟ್ಟೆ.
ಕೈ ಒರೆಸಿಕೊಂಡು, ಕೊಳ್ಳುವ ಮೊದಲು ಕೋಳಿ ತೂಗುವಂತೆ
ಮೇಲೆ ಕೆಳಗೆ ಆಡಿಸಿ ನೋಡಿದಳು.
ಬಟ್ಟಲು ಯಾವ ಪುಟದಲ್ಲಿದೆ ಎಂದು ಕೇಳಿಯಾಳೆಂದು
ಬೆವರಿದೆ, ಆ ಚಳಿಯಲ್ಲಿ.
ಕೇಳಿದ್ದು ಬೇರೆ:
"ಲಿಮಾದಲ್ಲಿ ನ್ಯಾಯಾಧೀಶರು ಇದನ್ನು ಓದಿದರಾ?"

ಓದಿದರು ಎನ್ನಲು ನಾಲಗೆ ಎತ್ತಿದೆ.
ತುದಿ ಅಡ್ಡ ಬಂತು.

"ಓದಿದರಂತೆ," ಎಂದೆ.

ತಲೆದೂಗಿದಳು ಫೌಸ್ತಿನಾ.
ವರದಿಯನ್ನು ತಿನ್ನುವ ಗುಡ್ಡೆಯ ಕಡೆಗಲ್ಲ, ಬಿತ್ತುವ ಗುಡ್ಡೆಯ ಕಡೆಗೂ ಅಲ್ಲ,
ನಡುವೆ ಇಟ್ಟಳು.