ಹೊರಗಿನ ಸುತ್ತು

ಶಹಾಬಾದಿನಾಗ ನೆರಳಿಗೂ ಪಾಳಿ ಅದ.
ಹತ್ತಕ್ಕ ಬೇವಿನ ಗಿಡದ ಪಡುವಣಕ್ಕ,
ಒಂದಕ್ಕ ಬುಡದಾಗ,
ಮೂರಕ್ಕ ಹಿಟ್ಟಿನ ಗಿರಣಿ ಗ್ವಾಡಿ ತನಕ.
ಅದಕ್ಕಂತೇ ಫರಸಿ ಮ್ಯಾಲ ಇದ್ದಲಿಲೆ
ಮೂರು ಕಡಿ ಚೌಕಾಬಾರ ಬರದೀವಿ.
ನೆರಳು ಸರಿದಂಗ ನಾವೂ ಸರೀತೀವಿ
ಕಾಯಿ ಉಡಿಯಾಗ ಹಾಕ್ಕೊಂಡು,
ಯಾವ ಮನ್ಯಾಗ ಇದ್ದೆ ಅಂತ ಬಾಯಾಗ ಎಣಿಸಿಗೋತ.
ಅಲ್ಲೇ ನೋಡ್ರಿ ಮೋಸ ಆಗೋದು.

ಗುಂಡೇರಾಯನ ಕೈ ಖಣ್ಯಾಗ ಕಲ್ಲು ಸೀಳಿದ ಕೈ,
ಈಗ ಕವಡಿ ಹಿಡದರ ನಡಗ್ತದ.
"ನಡುಗಿ ಬಿದ್ದದ್ದು ಲೆಕ್ಕಕ್ಕಿಲ್ಲ, ತಿರುಗಿ ಹಾಕ್ತೀನಿ."
ಇಮಾಮಬಿ ಬಿಡಂಗಿಲ್ಲ:
"ನಡುಗಿ ಬಾರ ಬಿದ್ದಾಗ ಲೆಕ್ಕಕ್ಕದ,
ಒಂದು ಬಿದ್ದಾಗ ಇಲ್ಲೇನು?"
ಇಬ್ಬರ ತಲಿ ಮ್ಯಾಲೂ ಹಸಿ ಟಾವೆಲ್,
ಕಿಸೆದಾಗ ಝಳಕ್ಕಂತ ಒಂದೊಂದು ಉಳ್ಳಾಗಡ್ಡಿ,
ಜಗಳ ಮಾತ್ರ ಒಣಾ ಒಣಾ.

ನಂದು ಅರವತ್ತೊಂದು, ಇಲ್ಲಿ ನಾನೇ ಸಣ್ಣಾಕಿ.
ಕೊಡದಾಗಿನ ನೀರು ಕೊಡೋದು,
ಅಳಿಸಿದ ಗೆರಿ ತಿದ್ದೋದು,
ಉರುಳಿದ ಕವಡಿ ಹುಡುಕೋದು ನಂದೇ.
"ಬಗ್ಗಾಕ ಬರೋದು ನಿನಗೊಬ್ಬಾಕಿಗೇ" ಅಂತಾರ,
ಬಹುಮಾನ ಕೊಟ್ಟವರಂಗ.

ಆಟದ ಕಾಯ್ದೆ ನಿಮಗ ಗೊತ್ತದ:
ಒಂದಾದರೂ ಕಾಯಿ ಕಡೀದ ಹೊರತು
ಒಳಗಿನ ಸುತ್ತಿಗಿ ದಾರಿ ಇಲ್ಲ.
ಒಳಗ ಹೋಗದ ಹೊರತು ಹಣ್ಣಿಲ್ಲ.

ಸಾತವ್ವ ಯಾರನ್ನೂ ಕಡ್ಯಂಗಿಲ್ಲ.
ಯುಗಾದಿ ಮರುದಿನದಿಂದ ನೋಡೀನಿ,
ಆಕಿ ನಾಕು ಹುಣಸಿ ಬೀಜ
ಹೊರಗಿನ ಸುತ್ತಿನಾಗೇ ತಿರಗ್ತಾವ.
ಮೂವತ್ತು ವರ್ಷ ರೈಲಿನಾಗ ಶೇಂಗಾ ಮಾರಿದಾಕಿ,
ವಾಡಿಗಿ ಹೋಗೋದು, ಕಲಬುರಗಿಗಿ ಬರೋದು.
ಮುಂದಿನ ಮನ್ಯಾಗ ಗುಂಡೇರಾಯನ ಬಳಿಚೂರು ಕುಂತಿರ್ತದ,
ಎರಡು ಬೇಕು, ಎರಡೇ ಬೀಳ್ತದ,
ಆಕಿ ಬ್ಯಾರೆ ಬೀಜ ಸರಸ್ತಾಳ.

"ಏನವ್ವ, ಕಣ್ಣು ಕಾಣಂಗಿಲ್ಲೇನು?"
"ಕಾಣ್ತಾವ."
"ಮತ್ತ ಅಹಿಂಸಾ ಏನು?"
"ಥೂ, ನಾ ವಾರಕ್ಕೆರಡು ಕೋಳಿ ಕೊಯ್ದಾಕಿ."
ಎಲಿಗಿ ಸುಣ್ಣ ಹಚ್ಚಿಗೋತ ಅಂದಳು:
"ಒಳಗ ಹೋದರ ಹಣ್ಣಾಗ್ತಾವ.
ಹಣ್ಣಾದರ ಆಟ ಮುಗೀತು, ಏಳಬೇಕು.
ನನ್ನ ಮನಿ ಮ್ಯಾಲ ಪತ್ರಾ ಅದ.
ಸಂಜಿ ಆರರ ತನಕ ಒಳಗ ಒಲಿ."

ಯಾರೂ ಮಾತಾಡಲಿಲ್ಲ.
ಗಿರಣಿ ಪಟ್ಟಾ ಮಾತ್ರ ಪಟಪಟ ಅಂತಿತ್ತು.

ಮರುದಿನ ಗುಂಡೇರಾಯಗ ಬಾರ ಬಿತ್ತು.
ಸೀದಾ ಇಮಾಮಬಿ ತಲಿ ಮ್ಯಾಲ ಬರ್ತಿತ್ತು ಕಾಯಿ.
ಕೆಮ್ಮಿದ, ಬ್ಯಾರೆದು ಎತ್ತಿಟ್ಟ.
"ಕಾಣಲಿಲ್ಲ" ಅಂದ.
ಇಮಾಮಬಿಗೂ ಕಾಣಲಿಲ್ಲ,
ಮಾಣಿಕಪ್ಪನ ಚಾಳೀಸು ಮನ್ಯಾಗ ಮರತು ಬಂದಿತ್ತು,
ನಾನೂ ಎಣಿಕಿ ತಪ್ಪಿದೆ ಬೇಕಂತ.
ಅವತ್ತು ಎಲ್ಲಾರೂ ಹೊರಗಿನ ಸುತ್ತಿನಾಗೇ,
ಮದಿವಿ ಮನ್ಯಾಗ ಚಪ್ಪಲಿ ಹುಡುಕುವವರಂಗ
ಒಬ್ಬರ ಹಿಂದ ಒಬ್ಬರು,
ಒಬ್ಬರಿಗೂ ಒಬ್ಬರು ತಾಕಲಾರದಂಗ.
ನೆರಳು ಗ್ವಾಡಿ ಮುಟ್ಟಿತು, ಗ್ವಾಡಿ ಹತ್ತಿತು,
ಗಿರಣಿ ಬಾಗಲ ಹಾಕಿದರು,
ಸಾತವ್ವ ಎರಡು ಸಲ ಎಲಿ ಉಗುಳಿ ಬಂದಳು.

"ಇದೇನು ಆಟನ್ರೀ?" ಅಂದಳು ಕಡೀಕ.
"ಸತ್ತ ಮನ್ಯಾಗ ಕುಂತಂಗ!
ಒಬ್ಬರರೆ ಬೈರಿ ಒಬ್ಬರಿಗಿ."

ಕವಡಿ ಎರಡೂ ಅಂಗೈಯಾಗ ಉಜ್ಜಿ, ಉಸರು ಊದಿ ಬಿಟ್ಟಳು.
ಚೌಕ.
ಕಟ್ಟಿ ಮನಿಗಿ ಒಂದು ಹೆಜ್ಜಿ ಈಚಿಗಿ
ನನ್ನ ಸೋಡಾ ಬುಚ್ಚ ಕುಂತಿತ್ತು ನೋಡ್ರಿ,
ಅದರ ಮ್ಯಾಲ ಹುಣಸಿ ಬೀಜ ಟಪ್ಪಂತ ಕುಟ್ಟಿ,
ಬುಚ್ಚ ಎತ್ತಿ ನನ್ನ ಉಡಿಗಿ ಒಗದಳು.
"ಹೋಗು, ಸತ್ತೀ!"
ಗುಂಡೇರಾಯ ತೊಡಿ ತಟ್ಟಿ ನಕ್ಕ,
ನಕ್ಕ ಹೊಡತಕ್ಕ ಟಾವೆಲ್ ಜಾರಿ ಗೆರಿ ಮ್ಯಾಲ ಬಿತ್ತು,
ಹಸಿ ಇದ್ದಲು ಹರದು
ಒಳಗಿನ ಸುತ್ತು ಯಾವುದು, ಹೊರಗಿಂದು ಯಾವುದು,
ಗೊತ್ತೇ ಆಗಲಿಲ್ಲ.

"ಅಳಿಸ್ಯಾನ, ಬೇಕಂತ ಅಳಿಸ್ಯಾನ ಭಾಡ್ಯಾ!"
ಇಮಾಮಬಿ ಎದ್ದೇ ನಿಂತಳು, ಮೊಳಕಾಲು ಮರತು.

ನಾ ಇದ್ದಲ ಹುಡುಕಾಕ ಬಗ್ಗಿದೆ.
ಫರಸಿ ಇನ್ನೂ ಸುಡ್ತಿತ್ತು.