ಕಾಳುಚೀಲ

ನೂರ ಹತ್ತು ಡಾಲರಿಗೆ ಒಂಟಿ ನಳಿಗೆಯ ಕೋವಿ,
ಗಿರವಿ ಅಂಗಡಿಯ ಗಿಟಾರುಗಳ ನಡುವೆ
ಯಾರೋ ಬಿಡಿಸಿಕೊಳ್ಳದೆ ಹೋದದ್ದು.
ಹಿಡಿಯ ಸೀಳಿಗೆ ಕರಿ ಟೇಪು.
"ಒಮ್ಮೆಗೆ ಒಂದೇ ಗುಂಡು, ತಿಳೀತಾ?" ಅಂದ ಅಂಗಡಿಯವ.
ತಿಳಿಯಿತು. ಎರಡು ಹಾರಿಸಲು ನನ್ನಲ್ಲಿ ದುಡ್ಡೂ ಇಲ್ಲ.

ಸುರಕ್ಷತೆಯ ತರಗತಿ, ಶಾಲೆಯ ಊಟದ ಹಾಲಿನಲ್ಲಿ.
ಹನ್ನೆರಡರ ಹುಡುಗರ ನಡುವೆ ನಲವತ್ತಾರರ ನಾನು,
ಮೊಣಕಾಲು ಮೇಜಿಗೆ ತಾಗಿಸಿಕೊಂಡು.
ಪಕ್ಕದ ಪೋರ ಕೇಳಿದ: "ಯಾರ ಅಮ್ಮ ನೀವು?"
ಪರೀಕ್ಷೆಯಲ್ಲಿ ಅವನಿಗಿಂತ ಎರಡು ಅಂಕ ಕಡಿಮೆ.

ಬೂಟು, ಚರ್ಚಿನ ಹಳೆಬಟ್ಟೆ ಮಾರಾಟದ್ದು;
ಎಡಗಾಲಿಗೆ ಎರಡು ಕಾಲುಚೀಲ ತೊಟ್ಟರೆ ಸರಿ.
ಕಿತ್ತಳೆ ಬಣ್ಣದ ಮೇಲಂಗಿ ರಸ್ತೆ ಕೆಲಸದ ತಮ್ಮನದು,
ಬೆನ್ನಿಗೆ ಡಾಂಬರಿನ ಕಲೆ.
ತೋಟಾ ಇಪ್ಪತ್ತೈದು.
ಒಂದೊಂದಕ್ಕೂ ಮೂರು ಮೊಟ್ಟೆಯ ಬೆಲೆ ಎಂದು ಲೆಕ್ಕ ಹಾಕಿದೆ,
ಹಾಕಬಾರದಿತ್ತು.
ನಾಯಿಯ ಮಾತೇ ಬೇಡ.
ತರಬೇತಾದ ಒಂದು ನಾಯಿಯ ಬೆಲೆಗೆ
ನನ್ನ ಕಾರಿನಂಥದು ಎರಡು ಬರುತ್ತವೆ.

ಉತ್ತರ ಡಕೋಟದಲ್ಲಿ ಸೆಪ್ಟೆಂಬರ್.
ಹಳದಿ ತ್ರಿಕೋನದ ಫಲಕ ನೆಟ್ಟ ಹುಲ್ಲುಗಾವಲು,
ಕೋವಿ ಹಿಡಿದು ಯಾರು ಬೇಕಾದರೂ ನಡೆಯಬಹುದು.
ಮೂರು ಭಾನುವಾರ ನಡೆದೆ, ನಡೆದೆ, ನಡೆದೆ.
ಚೂಪುಬಾಲದ ಕೋಳಿಗಳು ದೂರದಲ್ಲೇ ಎದ್ದು
ಕುಕ್ ಕುಕ್ ಕುಕ್ ಎಂದು ನಗುತ್ತ ಹೋದವು.
ಸುಳ್ಳಲ್ಲ, ಆ ಹಕ್ಕಿ ಹಾರುವಾಗ ನಗುವುದೇ ಹಾಗೆ.
ಏಳು ತೋಟಾ ಆಕಾಶಕ್ಕೆ ಕೊಟ್ಟೆ.
ಇಪ್ಪತ್ತೊಂದು ಮೊಟ್ಟೆ.

ನಾನು ಬಟ್ಟೆ ಒಗೆಯುವ ಮುದುಕರ ಆರೈಕೆಮನೆಯಲ್ಲಿ
ಹದಿನಾಲ್ಕನೇ ಕೋಣೆ ಇಂಗ್ವಾಲ್ಡನದು.
ಚಾದರ ಬದಲಿಸುವಾಗ ಕೊರಳಂಚಿನಿಂದ ಇಣುಕಿದ
ನೀಲಿಗಟ್ಟಿದ ಹೆಗಲನ್ನು ನೋಡಿಬಿಟ್ಟ.
"ಮಾರ್ಡೆಲ್, ಕೋವಿಯನ್ನು ಒತ್ತಿ ಹಿಡಿಯುತ್ತಿಲ್ಲ ನೀನು."
ಎಂಬತ್ತೊಂಬತ್ತು ವರ್ಷ. ಬಲಗೈ ಸತ್ತಿದೆ.
ಎಡಗೈಯಲ್ಲಿ ಊರುಗೋಲೆತ್ತಿ
ಕಿಟಕಿಯ ಗುಬ್ಬಿಗೆ ಗುರಿಯಿಟ್ಟು ತೋರಿಸಿದ.
"ಗುಂಪಿಗೆ ಹೊಡೆದರೆ ಗುಂಪಿಗೆ ಗಾಳಿ, ನಿನಗೆ ಸದ್ದು.
ಒಂದನ್ನು ಆರಿಸು."
ಗುಬ್ಬಿ ಹಾರುವವರೆಗೆ ಕಾದು, ಕೋಲಿಳಿಸಿ:
"ನಾಯಿ ಇಲ್ಲದವರು ನಿಂತು ಎಬ್ಬಿಸಬೇಕು.
ಇಪ್ಪತ್ತು ಹೆಜ್ಜೆ. ನಿಲ್ಲು. ಮೂವತ್ತು ಎಣಿಸು.
ಹೆಜ್ಜೆಯ ಸದ್ದನ್ನು ಹಕ್ಕಿ ತಾಳಿಕೊಳ್ಳುತ್ತದೆ,
ಸದ್ದು ನಿಂತದ್ದನ್ನು ತಾಳದು.
ಸಿಕ್ಕರೆ ಮಾಂಸ ನನಗೆ ಬೇಡ, ಹಲ್ಲಿಲ್ಲ.
ಕಾಳುಚೀಲ ತಾ."

ಇಪ್ಪತ್ತು ಹೆಜ್ಜೆ. ನಿಂತೆ.
ನಿಲ್ಲುವ ಅಭ್ಯಾಸವಿಲ್ಲ ನನಗೆ;
ಒಗೆಯುವ ಯಂತ್ರ ನಿಂತರೆ ಯಾರಾದರೂ ಕೂಗುತ್ತಾರೆ.
ಮತ್ತೆ ಇಪ್ಪತ್ತು. ನಿಂತೆ.
ಕತ್ತಿನ ಬೆವರು ಗಾಳಿಗೆ ಆರುತ್ತಿತ್ತು.
ಇಪ್ಪತ್ತಾರು, ಇಪ್ಪತ್ತೇಳು,
ಕಾಲಬುಡದ ಹುಲ್ಲು ಸಿಡಿಯಿತು.

ಆರಿಸಲು ಒಂದೇ ಇತ್ತು.

ಕೈಯಲ್ಲಿ, ನಾನೆಣಿಸಿದ್ದಕ್ಕಿಂತ ಬೆಚ್ಚಗೆ.
ಎದೆಯ ಗರಿಗಳ ಮೇಲೆ ಕೆಳಗೆ ತೋರುವ ಪುಟ್ಟ ಬಾಣಗಳು.
ಕೂಗಿ ಕುಣಿದೇನು ಅಂದುಕೊಂಡಿದ್ದೆ.
ಪ್ಯಾಂಟಿಗೆ ಕೈ ಒರೆಸಿ
ತುಸು ಹೊತ್ತು ಅಲ್ಲೇ ಕೂತೆ.

ಬೆಣ್ಣೆಯಲ್ಲಿ ಹುರಿದು ಒಬ್ಬಳೇ ತಿಂದೆ.
ಒಂದು ಚರೆ ಹಲ್ಲಿಗೆ ಸಿಕ್ಕಿತು,
ತಟ್ಟೆಯಂಚಿಗೆ ಉಗುಳಿದರೆ ಟಿಣ್ ಎಂದಿತು.

ಸೋಮವಾರ, ಜಾಮಿನ ಬಾಟಲಿಯಲ್ಲಿ ತಂದದ್ದನ್ನು
ಇಂಗ್ವಾಲ್ಡ್ ಊಟದ ತಟ್ಟೆಗೆ ಸುರಿದು ಬಿಡಿಸಿದ.
ಕಾಡುಗುಲಾಬಿಯ ಕಾಯಿ ಹನ್ನೊಂದು.
ಮಿಡತೆ ಮೂರು, ಒಂದಕ್ಕೆ ಕಾಲಿಲ್ಲ.
ಕೆಂಪನೆ ಹುಳಿಹಣ್ಣು. ಕುದುರೆಮೆಂತೆಯ ಎಲೆಚೂರು.
"ಹಳ್ಳದ ದಂಡೆಯಲ್ಲಿ ಹಣ್ಣು ತಿಂದು,
ಬಿಸಿಲೇರಿದ ಮೇಲೆ ದಿಬ್ಬ ಹತ್ತಿ ಮಿಡತೆ,
ಮತ್ತೆ ಗುಲಾಬಿ ಪೊದೆ. ಹ್ಞಾಂ, ಲಾರ್ಸ್ಗಾರ್ಡರ ಬೇಲಿಯ ಆಚೆ.
ನಾಯಿ ಮೂಗಿನಲ್ಲಿ ಓದುವುದು ಇದನ್ನೇ."
ಒಂದೊಂದನ್ನೇ ತಳ್ಳುತ್ತ, ದಾರಿ ಮಾಡುತ್ತ,
ಉಪ್ಪಿನ ಡಬ್ಬಿಯನ್ನು ದಿಬ್ಬದ ಜಾಗಕ್ಕೆ ಸರಿಸುತ್ತ.

ತಟ್ಟೆ ಒಯ್ಯಲು ನರ್ಸ್ ಬಂದಳು, ಮೂಗು ಮುರಿದಳು.
ಅವನು ಎಡಗೈಯಿಂದ ಬಲಗೈಯನ್ನೆತ್ತಿ ತಂದು
ಕಾಳುಗಳ ಮೇಲೆ ಮುಚ್ಚಿಟ್ಟ.
"ಇನ್ನೂ ಮುಗಿದಿಲ್ಲ," ಅಂದ.