ಎಡಗಡೆಯ ಬರ್ನರ್

ಮೂರು ದಿನದಿಂದ ಅದು ಹಳದಿ ಉರಿಯುತ್ತಿತ್ತು.
ಸಾರಿನ ಪಾತ್ರೆಯ ತಳವೆಲ್ಲ ಮಸಿ.
ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು.
ನಾನು ಸೆರಗಿನ ಪಿನ್ನು ತೆಗೆದು
ಜೆಟ್ಟಿನ ಕಣ್ಣಿಗೆ ಚುಚ್ಚಿದೆ.
ಈಗ ಉರಿ ಪಾತ್ರೆಯ ಸೊಂಟಕ್ಕೇರಿ
ಹಿಡಿಯನ್ನೇ ಸುಡುತ್ತದೆ.

ಸ್ವರ್ಣಸಂದ್ರದ ನಮ್ಮ ಬೀದಿಗೆ
ಗುರುವಾರ ಹನ್ನೊಂದಕ್ಕೆ ಮುನೀರ್ ಸಾಬರ ಸೈಕಲ್ಲು.
'ಕುಕ್ಕರ್, ಮಿಕ್ಸೀ, ಗ್ಯಾಸ್ ಒಲೇ...'
ಕೊನೆಯ ಅಕ್ಷರವನ್ನು ಮೂರು ಮನೆ ದಾಟಿಸಿ ಎಳೆಯುತ್ತಾರೆ.

ಬಂದವರು ಮೊದಲು ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆಗೆದರು.
ಪೈಪನ್ನು ಬಗ್ಗಿಸಿ ಬಗ್ಗಿಸಿ ಬಿರುಕು ಹುಡುಕಿದರು,
ಮೇಲೆ ಒತ್ತಿದ್ದ ಇಸವಿ ಓದಿ ನನ್ನ ಮುಖ ನೋಡಿದರು.
'ಐದ್ ವರ್ಸದ್ ಪೈಪು, ಏಳಾಗದೆ. ಬಿಸಾಕ್ಬುಡಿ.'
ನಾನು ಹೂಂ ಎಂದೆ.
ನಮ್ಮ ಮನೆಯಲ್ಲಿ ಹೂಂ ಎಂದರೆ
ಬರುವ ತಿಂಗಳು.

ಜೆಟ್ ಬಿಚ್ಚಿ ಬೆಳಕಿಗೆ ಹಿಡಿದರು.
'ಯಾರಮ್ಮ ಇದಕ್ಕೆ ಪಿನ್ ಹಾಕ್ದೋರು?'
ನಾನು ಅಕ್ಕಿ ಆರಿಸತೊಡಗಿದೆ, ಕಲ್ಲಿಲ್ಲದ ಅಕ್ಕಿ.
'ಹಿತ್ತಾಳೆ ಮೆತ್ತಗೆ ಕಣಮ್ಮ.
ಒಂದ್ ಸಲ ಇಗ್ಗಿದ್ ತೂತು ತಿರ್ಗಾ ಕುಗ್ಗಾಕಿಲ್ಲ.
ಹೊಸದೇ ಹಾಕ್ಬೇಕು.'

ಬರ್ನರ್ ತಲೆಗಳನ್ನು ಹುಣಿಸೆಹುಳಿ, ಉಪ್ಪಿನ ಬಿಸಿನೀರಿಗೆ ಇಳಿಬಿಟ್ಟೆ.
ಮುಕ್ಕಾಲು ಗಂಟೆಯಾದ ಮೇಲೆ ಹಿತ್ತಾಳೆ
ತಾನು ಹಿತ್ತಾಳೆಯೆಂದು ಒಪ್ಪಿಕೊಂಡಿತು.
ಹಳೆಯ ಬ್ರಷ್ಷಿನಲ್ಲಿ ಒಂದೊಂದೇ ತೂತು ತಿಕ್ಕಿದೆ,
ಎಣಿಸಲು ಹೋಗಿ ಅರವತ್ತಕ್ಕೆ ತಪ್ಪಿದೆ.
ಸಂಕ್ರಾಂತಿಯ ಸಕ್ಕರೆಅಚ್ಚಿನ ಪಾಕ,
ರಾಗಿ ಅಂಬಲಿ,
ಮತ್ತೆ ಹಾಲು, ಹಾಲು, ಉಕ್ಕಿದ ಹಾಲು.
ಇಷ್ಟು ಹಾಲು ಯಾವಾಗ ಉಕ್ಕಿತು?

ಸಾಬರು ಒಲೆಯನ್ನು ಬೋರಲು ಹಾಕಿದರು.
ಸಾಸಿವೆ ಉದುರಿತು, ಒಂದು ಲವಂಗ, ಬೆಂಕಿಕಡ್ಡಿ,
ಒಣಗಿದ ಜಿರಲೆಯ ಕಾಲು,
ಆಮೇಲೆ ತಿಳಿಗುಲಾಬಿ ಬಣ್ಣದ ಪುಟ್ಟ ಮಾತ್ರೆಗಳು,
ಟಪ ಟಪ, ಹದಿನೇಳು.

ಐದಕ್ಕೇ ಎದ್ದು ತಮ್ಮ ಕಾಫಿ ತಾವೇ ಕಾಸಿಕೊಳ್ಳುವವರು
ನಮ್ಮ ಮಾವ ಸಿಂಗ್ರಯ್ಯ.
ಮೂವತ್ತೊಂದು ವರ್ಷ ಸಕ್ಕರೆ ಫ್ಯಾಕ್ಟರಿಯ ತೂಕದ ಕಟ್ಟೆಯಲ್ಲಿ ಕೂತು
ಗಾಡಿಯ ಅಚ್ಚು ಕಿರುಗುಟ್ಟುವುದು ಕೇಳಿಯೇ
ಕಬ್ಬು ಎಷ್ಟು ಟನ್ನೆಂದು ಹೇಳುತ್ತಿದ್ದವರು.
ತೂಕದಲ್ಲಿ ಒಂದು ಜಲ್ಲೆ ತಿಂದವರಲ್ಲ.

ಹಜಾರದಿಂದ ಕೆಮ್ಮು ಬಂತು, ಹಿಂದೆಯೇ ಅವರು ಬಂದರು.
ಮಾತ್ರೆ ನೋಡಿದರು. ಸಾಬರನ್ನು ನೋಡಿದರು.
ನನ್ನನ್ನು ನೋಡಲಿಲ್ಲ.
'ಅದಕ್ಕೂ ಪ್ರೆಷರ್ ಜಾಸ್ತಿ ಇತ್ತಲ್ಲವ್ವ,
ದಿನಾ ಒಂದೊಂದು ಕೊಡ್ತಿದ್ದೆ.'

ಸಾಬರು ನಕ್ಕು ಸ್ಪ್ಯಾನರ್ ಬೀಳಿಸಿದರು.
ನನಗೂ ನಗು ಬಂತು, ಕೊಡಲಿಲ್ಲ.

ಸ್ಟೂಲಿನ ಮೇಲೆ ಕೂತು, ಸ್ವಲ್ಪ ಹೊತ್ತಾದ ಮೇಲೆ,
ಒಲೆಗೆ ಹೇಳಿದ ಹಾಗೆ ಹೇಳಿದರು:
'ಅದ ನುಂಗಿದ್ರೆ ತಲೆ ಗಿರ್ ಅಂತದೆ.
ಹಾಲು ಉಕ್ಕೋದೇ ಕಾಣಾಕಿಲ್ಲ.'

ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಲೇ ಕೇಳುತ್ತಿದ್ದೆ:
ಆಯ್ತಾ? ತಗೊಂಡ್ರಾ? ನೀರು ಕುಡಿದ್ರಾ?
ತಲೆ ಹೇಗಿದೆ ಎಂದು ಒಂದು ದಿನವೂ ಇಲ್ಲ.
ಸೆರಗಿಗೆ ವಾಪಸು ಸಿಕ್ಕಿಸಿದ್ದ ಪಿನ್ನು
ಮೊಣಕೈಗೆ ತಾಗಿತು.

'ಸಾಬರೇ, ಪೈಪೂ ಇವತ್ತೇ ಹಾಕಿ' ಎಂದೆ.

ಜೋಡಿಸಿದ ಕಡೆಯೆಲ್ಲ ಸೋಪಿನ ನೊರೆ ಹಚ್ಚಿ
ಗುಳ್ಳೆ ಏಳುತ್ತದೆಯೇ ಎಂದು ಮೂವರೂ ಬಗ್ಗಿ ನೋಡಿದೆವು.
ಮಾವನ ಉಸಿರಿಗೆ ನೊರೆ ಸ್ವಲ್ಪ ಅಲುಗಿತು, ಅಷ್ಟೇ.
ಕಡ್ಡಿ ಗೀರಿದರು ಸಾಬರು.
ಶಂಖಪುಷ್ಪದ ನೀಲಿ, ಸುತ್ತಲೂ, ಸದ್ದಿಲ್ಲದೆ.
ಒಂದು ಕಡೆ ಮಾತ್ರ ಎರಡು ತೂತು ಇನ್ನೂ ಕಟ್ಟಿಕೊಂಡೇ ಇತ್ತು.

ನೂರಾ ಎಂಬತ್ತು ಎಣಿಸಿ ಕೊಟ್ಟೆ.
ಹಾಲಿಟ್ಟೆ. ಕದಲದೆ ನಿಂತೆ.
'ನಾಳೆ ಒಂಬತ್ತಕ್ಕೆ ಡಾಕ್ಟರ ಹತ್ತಿರ ಹೋಗೋಣ,
ಮಾತ್ರೆ ಬದಲಾಯಿಸಿ ಅಂತ ನಾನೇ ಕೇಳ್ತೀನಿ.'

ಮಾವ ಉರಿಯನ್ನೇ ನೋಡುತ್ತ
ಹೂಂ ಎಂದರು.